ಕ್ಯಾಬಿನ್ನಿನ ಹಿಂದಿನ ಹಲಗೆ

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಮ್ಮ ಪಕ್ಕದ ಮನೆಯಾತ ಲಾರಿ ಡ್ರೈವರ್. ಸಿರುಗುಪ್ಪದಿಂದ ಭತ್ತ ತರುತ್ತಿದ್ದ. ಪ್ರತಿ ಬೇಸಿಗೆಯಲ್ಲೂ ಡಾಂಬರಿಗೆ ಹಳೆಯ ಇಂಜಿನ್ ಆಯಿಲ್ ಬೆರೆಸಿ ಕಾಯಿಸಿ, ಲಾರಿಯ ತಳದ ಹಲಗೆಗಳಿಗೆ ತಾನೇ ಬಳಿಯುತ್ತಿದ್ದ. ಯಾರಾದರೂ ಹತ್ತಿರ ಹೋದರೆ ಅಂಗೈ ಅಡ್ಡ ಹಿಡಿದು, "ಇನ್ನೂ ಆರಿಲ್ರಿ" ಅನ್ನುತ್ತಿದ್ದ.

ಕ್ಯಾಬಿನ್ನಿನ ಹಿಂದಿನ ಹಲಗೆಗೆ ಮಾತ್ರ ಬಳಿಯುತ್ತಿರಲಿಲ್ಲ. ಕುರುಗೋಡಿನ ತವರಿಗೆ ಹೋಗುವಾಗ ಅವನ ಹೆಂಡತಿ ಗಾಳಿಗೆಂದು ಅಲ್ಲೇ ಕೂರುತ್ತಿದ್ದಳು. "ಬಿಸಿಲಿಗೆ ಡಾಂಬರ್ ಕರಗಿ ಸೀರಿಗೆ ಮೆತ್ತಿದ್ರ, ನಿಮ್ಮ ಲುಂಗಿ ಉಟ್ಕಂಡು ತವರಿಗೆ ಹೋಗ್ಲೇನು?" ಎಂದು ಅವಳು ಜೋರು ಮಾಡಿದ್ದನ್ನು ನಾನು ಕೇಳಿದ್ದೇನೆ.

ಅವಳು ಜ್ವರದಿಂದ ತೀರಿಕೊಂಡ ಮೇಲೂ ಆ ಹಲಗೆ ಹಾಗೆಯೇ ಉಳಿಯಿತು. ಮಳೆಗೆ ಅದರ ಅಂಚು ಕೊಳೆಯತೊಡಗಿದಾಗ ಲಾರಿಯ ಮಾಲೀಕರು, "ಕಿತ್ತು ಹೊಸಾದು ಹಾಕ್ಸಪಾ" ಅಂದರು.

"ಕೀಳೋದು ಬ್ಯಾಡ್ರಿ. ಬಳೀತೀನಿ."

ಅಂದು ಆತ ಹಲಗೆಯನ್ನು ಬಹಳ ಹೊತ್ತು ಬಟ್ಟೆಯಿಂದ ಒರೆಸಿ, ಆಮೇಲೆ ಬಳಿದ.

ಸುಗ್ಗಿಯಲ್ಲಿ ನಾನೂ ಆತನ ಜೊತೆ ಸಿರುಗುಪ್ಪಕ್ಕೆ ಹೋಗಿದ್ದೆ. ಆ ಹಲಗೆಯನ್ನು ಮುಟ್ಟಿ ನೋಡಿದೆ. ಬೆರಳಿಗೆ ಏನೂ ಅಂಟಲಿಲ್ಲ. ಹಮಾಲರು ಮೊದಲ ಚೀಲ ಹೊತ್ತು ಅತ್ತ ನಡೆದಾಗ ಆತ ಅಂಗೈ ಅಡ್ಡ ಹಿಡಿದ.

"ಅಲ್ಲಿ ಇಡಬ್ಯಾಡ್ರಲೇ. ಇನ್ನೂ ಆರಿಲ್ಲ."