ಮುದ್ದೆಮಾಲು ಕೋಣೆಯ ಅಕ್ಕ

ಸೀಲಿನ ಬಿಸಿ ಅರಗು ತಾಕಿ ತಾಕಿ ಅಕ್ಕನ ಬಲಗೈ ಹೆಬ್ಬೆರಳ ಗೆರೆಗಳೇ ಅಳಿಸಿಹೋಗಿದ್ದವು. ಹಾಜರಿ ಯಂತ್ರಕ್ಕೆ ಆ ಬೆರಳಿನ ಗುರುತೇ ಸಿಗುತ್ತಿರಲಿಲ್ಲ. "ಇದಕ್ಕೆ ಗೊತ್ತಾಗದಿದ್ರೆ ಬಿಡ್ರಿ, ನಾನಂತೂ ಬಂದೀನಿ" ಎಂದು ಒಳಗೆ ನಡೆಯುತ್ತಿದ್ದರು.

ನಮ್ಮ ಕೋರ್ಟಿನಲ್ಲಿ ಪೊಲೀಸರು ಜಪ್ತಿ ಮಾಡಿದ ಸಾಕ್ಷ್ಯವಸ್ತುಗಳನ್ನು ಇಡುವ ಮುದ್ದೆಮಾಲು ಕೋಣೆ ಅವರ ವಶದಲ್ಲಿತ್ತು. ಮಚ್ಚು, ಕುಡುಗೋಲು, ಸಾರಾಯಿ ಕ್ಯಾನು, ರಕ್ತದ ಬಟ್ಟೆ. ಕೈಕೆಳಗೆ ಹೊಸದಾಗಿ ಸೇರಿದ ನನಗೆ ಅವರು ಹೇಳಿದ್ದು ಒಂದೇ ಪಾಠ: "ತೀರ್ಪಿನ ಕೊನೇ ಪ್ಯಾರಾ ಓದಮ್ಮಾ. ಮಾಲು ಏನ್ ಮಾಡ್ಬೇಕು ಅಂತ ಅಲ್ಲೇ ಇರ್ತೈತೆ. ಅದನ್ನ ಯಾರೂ ಓದಲ್ಲ."

ಒಮ್ಮೆ ತಪಾಸಣೆಗೆ ಮೇಲಿನವರು ಬರುವವರಿದ್ದರು. ಶಿರಸ್ತೇದಾರರು ಹಳೆಯ ಮಾಲುಗಳನ್ನೆಲ್ಲ ಹಿತ್ತಲಲ್ಲಿ ಸುಡಿಸಲು ಹೊರಟರು. ಅದರಲ್ಲೊಂದು ಬಟ್ಟೆಯ ಚೀಲ. ನಲ್ಲೂರು ಕಡೆಯ ಹುಡುಗಿಯೊಬ್ಬಳ ಕೊಲೆ ಕೇಸಿನದು. ಇಬ್ಬರು ಆರೋಪಿಗಳು ಬಿಡುಗಡೆಯಾಗಿದ್ದರು. ಹುಡುಗಿಯ ಆ ಚೀಲ ಸಿಕ್ಕಿದ್ದು ಮೂರನೆಯ ಆರೋಪಿಯ ಮನೆಯಲ್ಲಿ. ಅವನು ತಲೆಮರೆಸಿಕೊಂಡಿದ್ದ.

"ಇಲಿ ತಿಂದ ಚೀಲ. ಸುಡಾಕೆ ಏನ್ರೀ ನಿಮಗೆ ತೊಂದರೆ?" ಎಂದರು ಶಿರಸ್ತೇದಾರರು.

"ಅವನು ಓಡಿಹೋಗ್ಯಾನೆ ಸಾರ್, ಕೇಸು ಓಡಿಹೋಗಿಲ್ಲ. ಅವನು ಸಿಗೋ ತನಕ ಇಡಬೇಕು ಅಂತ ತೀರ್ಪಲ್ಲೇ ಐತೆ. ಸುಡಿ ಅಂತ ಬರೆದು ಕೊಡ್ರಿ, ಈಗ್ಲೇ ಕಡ್ಡಿ ಗೀರ್ತೀನಿ."

ಅವರು ಬರೆದುಕೊಡಲಿಲ್ಲ. ಅಕ್ಕ ತೀರ್ಪಿನ ಪ್ರತಿ ಹಿಡಿದು ನೇರ ನ್ಯಾಯಾಧೀಶರ ಬಳಿ ಹೋದರು. ಚೀಲ ಉಳಿಯಿತು, ಅಕ್ಕ ಉಳಿಯಲಿಲ್ಲ. ಆ ವರ್ಷವೇ ಜಗಳೂರಿಗೆ ವರ್ಗವಾಯಿತು. ಹೋಗುವ ದಿನ ಒಂದೊಂದೇ ಗಂಟು ತೋರಿಸಿ ನನ್ನಿಂದ ಸಹಿ ಹಾಕಿಸಿದರು. ನಾನು ಅಳುತ್ತಿದ್ದೆ. "ಅಳೋದು ಆಮೇಲೆ. ಸೀಲು ಸರಿ ಐತಾ ನೋಡು" ಎಂದರು.

ಮೂರು ವರ್ಷದ ಮೇಲೆ ಆ ಆರೋಪಿ ಸಿಕ್ಕಿಬಿದ್ದ. ಇಂಥ ಚೀಲ ಯಾರದಾದರೂ ಆಗಬಹುದು ಎಂದು ಅವನ ವಕೀಲರು ವಾದಿಸಿದರು. ಸಾಕ್ಷಿಕಟ್ಟೆಯಲ್ಲಿದ್ದ ಹುಡುಗಿಯ ತಾಯಿ ಚೀಲದ ಹಿಡಿಕೆ ಮುಟ್ಟಿ ನೋಡಿದರು.

"ಹಿಡಿಕೆಗೆ ಬಟ್ಟೆ ಸಾಲಲಿಲ್ರೀ. ನನ್ನ ಸೀರೆ ಅಂಚು ಒಳಗೆ ಮಡಚಿ ಹೊಲಿದೀನಿ. ಬಿಚ್ಚಿ ನೋಡ್ರಿ."

ಬಿಚ್ಚಿದರು. ಹಸಿರು ಅಂಚು ಬಣ್ಣಗೆಡದೆ ಇತ್ತು.

ಶಿಕ್ಷೆಯಾದ ದಿನ ಜಗಳೂರಿಗೆ ಫೋನ್ ಮಾಡಿದೆ. ಅಕ್ಕ, "ಅಪೀಲು ಹಾಕ್ತಾನೆ ಅವನು. ಅದು ಮುಗಿಯೋ ತನಕ ಚೀಲ ಸುಡಾಕೆ ಕೊಡಬೇಡ" ಎಂದರು.

ಹೋದ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡರು. ಅಪೀಲು ಇನ್ನೂ ನಡೆಯುತ್ತಿದೆ. ಮೊನ್ನೆ ಹೊಸ ಅಧಿಕಾರಿಯೊಬ್ಬರು ಬಂದು ಕೋಣೆ ಖಾಲಿ ಮಾಡಿಸಿ ಎಂದರು. ಆಗುವುದಿಲ್ಲ ಎಂದೆ. ತೀರ್ಪಿನ ಕೊನೇ ಪ್ಯಾರಾ ತೆಗೆದು ಅವರ ಮುಂದಿಟ್ಟೆ.