ದಿನಕ್ಕೊಂದು ಕುರ್ಚಿ

ಶಹಾಬಾದಿನ ಕಂಪ್ಯೂಟರ್ ಕೇಂದ್ರದ ಮೇಡಂ ಎಂದರೆ ನನಗೆ ಮೊದಲು ನೆನಪಾಗುವುದು ಅವರ ಕೈ. ಹೆದರಿ ಕುಳಿತವರ ಬೆರಳು ಹಿಡಿದು ಕೀಬೋರ್ಡಿನ ಮೇಲೆ ಇಡುತ್ತಿದ್ದರು. "ಮುಟ್ಟವ್ವ, ಏನೂ ಆಗಂಗಿಲ್ಲ," ಎನ್ನುತ್ತಿದ್ದರು. ತೊಂಬತ್ತರ ದಶಕದ ಕೊನೆ ಇರಬೇಕು. ಎಂ.ಎ. ಮುಗಿಸಿ ನಾನೂ ಅಲ್ಲಿ ಟೈಪಿಂಗ್ ಕಲಿಯುತ್ತಿದ್ದೆ.

ಒಂದು ಕಂಪ್ಯೂಟರಿಗೆ ಇಬ್ಬರು ಕೂಡುತ್ತಿದ್ದೆವು. ದಲಿತರ ಓಣಿಯಿಂದ ಬರುತ್ತಿದ್ದವಳು ಒಬ್ಬಳೇ. ಸಿಮೆಂಟ್ ಕಾರ್ಖಾನೆಯ ಕಂಪ್ಯೂಟರ್ ಆಪರೇಟರ್ ಕೆಲಸದ ಪರೀಕ್ಷೆ ಹತ್ತಿರ ಬಂದಿತ್ತು. ಆ ಕೆಲಸ ಅವಳಿಗೆ ಬೇಕೇ ಬೇಕಿತ್ತು. ಅಷ್ಟರಲ್ಲಿ ಒಂದು ದಿನ ಅವಳ ಪಕ್ಕ ಕೂತಿದ್ದ ಹುಡುಗಿಯ ತಂದೆ, ಬಟ್ಟೆ ಅಂಗಡಿಯವರು, ಒಳಗೆ ಬಂದರು.

"ಮೇಡಂರ, ಆ ಹುಡುಗೀನ ಮೂಲ್ಯಾಗಿನ ಹಳೇ ಮಶೀನಿಗೆ ಕೂಡಸ್ರಿ. ನಮ್ಮಾಕಿಗಿ ಬ್ಯಾರೆ ಇರ್ಲಿ."

ಮೂಲೆಯ ಆ ಮಶೀನಿನಲ್ಲಿ ಒತ್ತಿದರೂ ಅರ್ಧ ಅಕ್ಷರಗಳು ಮೂಡುತ್ತಿರಲಿಲ್ಲ.

"ಕುಂದ್ರಿ ಸಾವ್ಕಾರ್ರ," ಎಂದರು ಮೇಡಂ. "ನಾ ದಿನಾ ಎಲ್ಲಾರ ಜಾಗಾ ಬದ್ಲಿ ಮಾಡ್ತೀನಿ. ಆಕಿ ಮುಟ್ಟಲಾರದ ಮಶೀನ್ ಇಲ್ಲಿ ಒಂದೂ ಉಳದಿಲ್ಲ. ನಿಮ್ಮ ಮಗಳಿಗಿ ಯಾವುದು ಕೊಡ್ಲಿ, ನೀವೇ ಹೇಳ್ರಿ."

ಅವರು ಮಗಳ ಕಡೆ ನೋಡಿದರು. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಅಪ್ಪಾ, ನೀ ಅಂಗಡಿಗಿ ನಡಿ. ನನ್ನ ಟೈಮ್ ಹೊಂಟದ."

ಜಾಗ ಬದಲಿಸುವ ಪದ್ಧತಿಯನ್ನು ಮೇಡಂ ಇದಕ್ಕೆಂದೇ ಮಾಡಿದ್ದರೋ, ಕೆಟ್ಟ ಮಶೀನು ಒಬ್ಬರ ಪಾಲಿಗೇ ಬೀಳದಿರಲೆಂದು ಮಾಡಿದ್ದರೋ ನನಗೆ ಗೊತ್ತಿಲ್ಲ. ಮಾತುಗಳು ಹೀಗೇ ಇದ್ದವೆಂದು ಆಣೆ ಮಾಡಿಯೂ ಹೇಳಲಾರೆ. ಆದರೆ ದಲಿತರ ಓಣಿಯ ಆ ಹುಡುಗಿಗೆ ಕಾರ್ಖಾನೆಯ ಕೆಲಸ ಸಿಕ್ಕಿತು. ಮುಂದಿನ ಬ್ಯಾಚಿಗೆ ಅವಳ ಓಣಿಯಿಂದ ಎಷ್ಟು ಹುಡುಗಿಯರು ಬಂದರೆಂದರೆ, ಮೇಡಂ ಬೆಳಿಗ್ಗೆ ಇನ್ನೊಂದು ಕ್ಲಾಸು ಶುರುಮಾಡಬೇಕಾಯಿತು.