ಅಪ್ಪನ ಗೆರೆ ಬಂದಲ್ಲಿ

ಬಾಯಿ ಮುಚ್ಚಿಕೊಂಡು ಪುಸ್ತಕ ಓದುವವರನ್ನು ನಾನು ಮೊದಲು ಕಂಡದ್ದು ಬೀದರಿನ ಮೈಲೂರಿನಲ್ಲಿ. ಮನೆಯೊಡತಿ ನಿವೃತ್ತ ಟೀಚರು. ಅವರ ಮನೆಯ ಹಿಂದಿನ ಕೋಣೆಗೆ ನಾನು ಬಾಡಿಗೆಗೆ ಬಂದ ದಿನ, ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದವರು ಒಮ್ಮೆಲೇ ನಕ್ಕುಬಿಟ್ಟರು. ಎದುರಿಗೆ ಯಾರೂ ಇರಲಿಲ್ಲ. ನಾನು ಹೆದರಿ ಹಿಂದೆ ಸರಿದೆ.

"ಹೆದರಬ್ಯಾಡವ್ವ, ಹಳೀ ಕಾದಂಬರಿ. ಈ ಪುಟಕ್ಕ ಬಂದಾಗೊಮ್ಮಿ ನಗ್ತೇನಿ."

"ಒಬ್ಬರೇ ನಗ್ತೀರೇನ್ರಿ?"

"ಮತ್ತ ಊರು ಕರೀಲೇನು?"

ಗಡಿಯಂಚಿನ ನಮ್ಮ ಹಳ್ಳಿ ಡಾಬಕಾದಲ್ಲಿ ಊರನ್ನೇ ಕರೆಯುತ್ತೇವೆ. ಮಳೆಗಾಲದ ಮೂರು ತಿಂಗಳು ನಮಗೆ ವರ್ಷಾವಾಸ. ದಿನಾ ಸಂಜೆ ವಿಹಾರದಲ್ಲಿ ಬುದ್ಧನ ಬದುಕಿನ ಪುಸ್ತಕವನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಕೊನೆಯ ಹುಣ್ಣಿಮೆಗೆ ಪುಸ್ತಕ ಮುಗಿಸಿ ಖೀರು ಹಂಚುತ್ತೇವೆ. ಬರುವ ವರ್ಷ ಮತ್ತೆ ಮೊದಲ ಪುಟದಿಂದ. ಮೊದಲು ಅಪ್ಪ ಓದುತ್ತಿದ್ದ, ಅವನು ಹೋದ ಮೇಲೆ ಅಕ್ಕ. ರಾಜಕುಮಾರ ಮನೆ ಬಿಡಲು ಹೆಂಡತಿಯ ಒಪ್ಪಿಗೆ ಕೇಳುವ ಪುಟ ಬಂದಾಗ ಮುಂದೆ ಕೂತ ಮುದುಕಿ, ನಾವೆಲ್ಲ ಆಯಿ ಅನ್ನುವವಳು, ತಪ್ಪದೆ ಹೇಳುತ್ತಿದ್ದಳು:

"ಈ ಸಲಾರೆ ಒಲ್ಲೆ ಅನ್ನು, ಹುಚ್ಚಿ."

"ಹೋದ ವರ್ಷನೂ ಹೇಳಿದಿ ಆಯಿ, ಆಕಿ ಕೇಳ್ಲಿಲ್ಲ," ಎಂದು ಅಕ್ಕ ಮುಂದಕ್ಕೆ ಓದುತ್ತಿದ್ದಳು.

ಆ ಪುಸ್ತಕವನ್ನು ನಾನು ಕದ್ದೆ. ಆಸ್ಪತ್ರೆಯ ಆಯಾ ಕೆಲಸಕ್ಕೆಂದು ಊರು ಬಿಡುವ ಮುಂಜಾನೆ ಸೀರೆಗಳ ನಡುವೆ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಹೊಸದು ಅಂಗಡಿಯಲ್ಲಿ ಸಿಗುತ್ತದೆ. ಆದರೆ ಒಂದೊಂದು ಸಂಜೆಯ ಓದು ಎಲ್ಲಿ ನಿಲ್ಲಬೇಕೆಂದು ಅಪ್ಪ ಎಳೆದ ಪೆನ್ಸಿಲ್ ಗೆರೆಗಳು ಹೊಸದರಲ್ಲಿ ಇರುವುದಿಲ್ಲ. ಅಕ್ಕನಿಗೆ ಎಲ್ಲ ಬಾಯಿಪಾಠ ಇದೆ, ಗೆರೆ ಯಾಕೆ ಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಮೈಲೂರಿನಲ್ಲಿ ಮಳೆ ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಅದೇ ಹೊತ್ತಿಗೆ ಬಾಗಿಲು ತೆಗೆದು ವಿಹಾರಕ್ಕೆ ಹೊರಡುತ್ತೇವೆ. ಡಾಬಕಾದಲ್ಲಿ ಮನೆಯ ಮಾತು ಕನ್ನಡ, ಓದು ಮರಾಠಿ. ಇಲ್ಲಿ ತರಕಾರಿ ಗಾಡಿಯವನ ಜೊತೆ ಉರ್ದು. ಅವನ ಮಾತಿನಲ್ಲೇ ಜಗಳಾಡಿ ಕೊತ್ತಂಬರಿ ಪುಕ್ಕಟೆ ಪಡೆದ ದಿನ ಗೆದ್ದೆ ಅನ್ನಿಸಿತು. ಆ ಗೆಲುವನ್ನು ಹೇಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಪುಸ್ತಕ ತೆಗೆದೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಅಕ್ಕನ ದನಿ ನೆನಪು ಮಾಡಿಕೊಂಡು, ಬೆರಳಿಟ್ಟು ಗಟ್ಟಿಯಾಗಿ ಓದಿದೆ.

ಟೀಚರು ಬಾಗಿಲು ಬಡಿದರು. "ಯಾರ ಜೋಡಿ ಮಾತಾಡ್ಲತ್ತಿ?"

"ಓದ್ಲತ್ತೀನ್ರಿ."

"ಹಂಗಂದ್ರ ನಾನೂ ಕೇಳ್ತೇನಿ," ಎಂದು ಕುರ್ಚಿ ತರಿಸಿಕೊಂಡು ಕೂತರು. ಅವರು ಚರ್ಚಿಗೆ ಹೋಗುವವರು. ಆದರೂ ಮಳೆಗಾಲ ಪೂರ್ತಿ ಬುದ್ಧನ ಮಾತು ಕೇಳಿದರು. ನಾನು ಮರಾಠಿಯಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಪಕ್ಕದ ಮನೆಯ ಹೆಂಗಸರೂ ಬರತೊಡಗಿದರು. ಗೆರೆ ಬಂದರೂ "ಇನ್ನೊಂದು ಪುಟ" ಅನ್ನುತ್ತಿದ್ದರು, ಓದುತ್ತಿದ್ದೆ. ಆ ಕುರ್ಚಿ ಬಾರದಿದ್ದರೆ ನಾನು ಈ ಊರಿನಲ್ಲಿ ನಿಲ್ಲುತ್ತಿರಲಿಲ್ಲ.

ಫೋನಿನಲ್ಲಿ ಅಕ್ಕ ಪುಸ್ತಕದ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಕೊನೆಯ ಹುಣ್ಣಿಮೆಗೆ ಹಳೆಯದನ್ನೂ ಒಂದು ಹೊಸ ಪ್ರತಿಯನ್ನೂ ಚೀಲದಲ್ಲಿಟ್ಟುಕೊಂಡು ಊರಿಗೆ ಹೋದೆ. ಹೊಸದನ್ನು ಕೊಟ್ಟು ಹಳೆಯದನ್ನು ಇಟ್ಟುಕೊಳ್ಳುವ ಆಸೆಯೂ ಒಳಗಿತ್ತು.

ವಿಹಾರದಲ್ಲಿ ಓದು ನಡೆದಿತ್ತು. ಅಕ್ಕನ ಮುಂದೆ ಬಿಳಿ ಬಟ್ಟೆಯ ಮೇಲೆ ಪುಸ್ತಕ ತೆರೆದಿತ್ತು. ಹಾಳೆ ತಿರುವುತ್ತ ಓದುತ್ತಿದ್ದಳು. ಹತ್ತಿರ ಹೋಗಿ ಕೂತೆ. ಹಾಳೆಯ ಮೇಲೆ ಕಪ್ಪೆಯ ಚಿತ್ರವಿತ್ತು. ಅವಳ ಮಗಳ ಶಾಲೆಯ ವಿಜ್ಞಾನದ ಪುಸ್ತಕ ಅದು. ತಂಗಿ ಕದ್ದಳೆಂಬ ಮಾತು ಬರಬಾರದೆಂದು ಮೂರು ತಿಂಗಳು ಕಪ್ಪೆ, ಬೇರು, ಎಲೆಗಳ ಮೇಲೆ ಕಣ್ಣಿಟ್ಟು ಎಲ್ಲವನ್ನೂ ನೆನಪಿನಿಂದ ಹೇಳಿದ್ದಳು.

ಖೀರು ಹಂಚುವಾಗ ಆಯಿ ನನ್ನ ಗಲ್ಲ ಹಿಡಿದಳು. "ಕಪ್ಪಿ ಛಂದ ಅದ ಅಲ್ಲ? ಮುಂದ ಕುಂತವರಿಗಿ ಎಲ್ಲ ಕಾಣ್ತದವ್ವ." ಊರಿಗೂ ಗೊತ್ತಿತ್ತು. ಯಾರೂ ಕೇಳಿರಲಿಲ್ಲ.

ಮನೆಗೆ ಬಂದು ಎರಡೂ ಪುಸ್ತಕಗಳನ್ನು ಅಕ್ಕನ ಮುಂದಿಟ್ಟೆ. "ತಪ್ಪಾತು ಅಕ್ಕಾ. ಕೇಳಿ ಒಯ್ಬೇಕಿತ್ತು."

"ಕೇಳಿದ್ರ ಕೊಡ್ತಿರಲಿಲ್ಲ," ಅಂದಳು. ಬಹಳ ಹೊತ್ತು ಗೆರೆಗಳ ಮೇಲೆ ಬೆರಳಾಡಿಸಿದಳು. "ಗೆರಿ ಬಂದಲ್ಲಿ ನಿಂದರ್ತಿ ಏನು?"

"ಇಲ್ಲ. ಅವರು ಇನ್ನೊಂದು ಪುಟ ಅಂತಾರ."

ಹಳೆಯದನ್ನು ನನ್ನ ಕಡೆ ಸರಿಸಿ ಹೊಸದನ್ನು ತಾನು ಎತ್ತಿಕೊಂಡಳು. "ನಂಗ ಎಲ್ಲಿ ನಿಂದರಬೇಕು ಗೊತ್ತದ. ನೀ ಮಾತ್ರ ನಮ್ಮನ್ನ ಬಿಟ್ಟು ಮುಂದ ಓಡಬ್ಯಾಡ."

ಈಗ ಮತ್ತೆ ಮಳೆಗಾಲ. ಟೀಚರ ಕುರ್ಚಿ ಬಂದಿದೆ, ಹೆಂಗಸರು ಬಂದಿದ್ದಾರೆ. ನಿನ್ನೆ ಗೆರೆ ಬಂದಲ್ಲಿ ಪುಸ್ತಕ ಮುಚ್ಚಿದೆ.

"ಇನ್ನೊಂದು ಪುಟ ಓದವ್ವ," ಅಂದರು ಟೀಚರು.

"ಇಲ್ರಿ," ಅಂದೆ. "ಡಾಬಕಾದಾಗೂ ಈಗ ಇಲ್ಲೇ ನಿಲ್ಲಿಸ್ಯಾರ."